ಭಾವನ ಕ್ಯಾಮೆರಾ ಪರೀಕ್ಷೆ

ನಮ್ಮ ಭಾವ ತೊಲೊಮುಶ್ ಸುಳ್ಳು ಹೇಳುವವರಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಖಾಲಿ ಗೆರೆಗಳಿರುವ ಕಾಗದ ಕಂಡರೆ ಮಾತ್ರ ಅವರ ಕೈ ಅವರ ಮಾತು ಕೇಳುವುದಿಲ್ಲ. ರಾಜಧಾನಿ ಬಿಷ್ಕೆಕ್‌ನ ಒಂದು ದೊಡ್ಡ ಫೋಟೋ ಅಂಗಡಿಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದರು. ಅರೆ-ವೃತ್ತಿಪರ ದರ್ಜೆಯ ಹೊಸ ಡಿಜಿಟಲ್ ಕ್ಯಾಮೆರಾವನ್ನು ಹತ್ತು ದಿನ ಬಳಸಿ ನೋಡಿ ಅಭಿಪ್ರಾಯ ಬರೆದುಕೊಡಲು ಪ್ರತಿ ಪ್ರಾಂತ್ಯದಿಂದ ಒಬ್ಬ ನುರಿತ ಛಾಯಾಗ್ರಾಹಕ ಬೇಕಂತೆ. ಭಾವ ಅರ್ಜಿ ತರಿಸಿಕೊಂಡರು. ಯಾವ ಬಗೆಯ ಛಾಯಾಗ್ರಹಣದಲ್ಲಿ ಪರಿಣತಿ ಎಂಬ ಗೆರೆಯ ಮೇಲೆ "ವನ್ಯಜೀವಿ, ಪರ್ವತ, ವೇಗದ ಕ್ರೀಡೆ" ಎಂದು ದುಂಡಗೆ ಬರೆದರು.

ಅವರು ನಮ್ಮೂರು ನಾರಿನ್‌ನ ಬಜಾರಿನ ಮೂಲೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ಇಪ್ಪತ್ತೆರಡು ವರ್ಷಗಳಿಂದ ಪಾಸ್‌ಪೋರ್ಟ್ ಫೋಟೋ ತೆಗೆಯುವವರು. ಕರೆದರೆ ಮದುವೆಗೂ ಹೋಗುತ್ತಾರೆ. ವನ್ಯಜೀವಿ ಎಂದರೆ ಎದುರುಮನೆಯ ಕಲಿಪಾ ಅಜ್ಜಿಯ ಟರ್ಕಿ ಕೋಳಿ. ಅದು ಒಮ್ಮೆ ಅಟ್ಟಿಸಿಕೊಂಡು ಬಂದಾಗ ಓಡುತ್ತಲೇ ತೆಗೆದ ಚಿತ್ರದಲ್ಲಿ ಅದರ ಬಾಲ ಬಂದಿತ್ತು. ಪರ್ವತ ನಮ್ಮೂರಲ್ಲಿ ಯಾವ ಕಡೆ ತಿರುಗಿ ಗುಂಡಿ ಒತ್ತಿದರೂ ಬರುತ್ತದೆ, ಬಾರದ ಹಾಗೆ ತೆಗೆಯುವುದೇ ಕಷ್ಟ. ವೇಗದ ಕ್ರೀಡೆ ಯಾವುದು ಎಂದು ನಾನು ಕೇಳಿದೆ.

"ಮದುಮಗಳನ್ನ ಕಾರು ಹತ್ತಿಸೋದು ನೀನು ನೋಡಿಲ್ವೇನೋ?" ಎಂದರು.

ನಾನು ಅವರ ಹೆಂಡತಿ ಅಸಿಲ್ಕನ್‌ಳ ತಮ್ಮ. ನನ್ನ ಹತ್ತಿರ ಒಂದು ಹಳೆಯ ಕಾರಿದೆ. ಅದು ಇರುವವರೆಗೆ ಅಕ್ಕನ ಮನೆಯ ಯಾವ ವ್ಯವಹಾರದಿಂದಲೂ ನಾನು ತಪ್ಪಿಸಿಕೊಳ್ಳುವಂತಿಲ್ಲ. ಆದ್ದರಿಂದ ಅಂಗಡಿಯವರು ಆ ಅರ್ಜಿಯನ್ನು ನಂಬಿ ಕರೆ ಕಳಿಸಿದಾಗ ಭಾವನನ್ನು ಬಿಷ್ಕೆಕ್‌ಗೆ ಕರೆದೊಯ್ದವನು ನಾನೇ.

ಅಂಗಡಿಯಲ್ಲಿ ಕನ್ನಡಕದ ಒಬ್ಬ ತರುಣ ಕೈಗೆ ಬಿಳಿ ಗವಸು ಹಾಕಿಕೊಂಡು ಕ್ಯಾಮೆರಾವನ್ನು ಪೆಟ್ಟಿಗೆಯಿಂದ ಎತ್ತಿದ. ಭಾವನ ಪಾಸ್‌ಪೋರ್ಟನ್ನು ಒತ್ತೆಯಾಗಿ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

"ಮುಂದಿನ ವಾರದ ಭಾನುವಾರ ಸಂಜೆ ಐದರೊಳಗೆ ವಾಪಸ್ ಬರಬೇಕು ಸರ್. ಇಡೀ ದೇಶಕ್ಕೆ ಇದೊಂದೇ ಬಂದಿರೋದು. ಧೂಳು, ಹೊಗೆ, ಎಣ್ಣೆ ಕೈ ತಾಗಿಸಬೇಡಿ. ಮುಖ್ಯವಾಗಿ, ಇನ್ನೊಬ್ಬರ ಕೈಗೆ ಕೊಡಬೇಡಿ. ಬರದೇ ಇದ್ರೆ ಮಾತ್ರ ನಾವು ಪೊಲೀಸರಿಗೆ ಹೇಳಬೇಕಾಗುತ್ತೆ," ಎಂದ.

"ನನ್ನ ಕೈ ಬಿಟ್ಟು ಇದು ಹೋಗೋದುಂಟಾ?" ಎಂದರು ಭಾವ. ಎರಡೂ ಕೈಯಲ್ಲಿ ಅದನ್ನು ಎದೆಗೆ ಒತ್ತಿಕೊಂಡಿದ್ದರು.

ವಾಪಸ್ ಬರುವ ದಾರಿಯುದ್ದಕ್ಕೂ ಅವರು ಸುಮ್ಮನೆ ಕೂರಲಿಲ್ಲ. ಕಿಟಕಿ ಇಳಿಸಿ ಲೆನ್ಸ್ ಹೊರಗಿಟ್ಟು ಗುಂಡಿ ಒತ್ತಿದರೆ ಹೊಲಿಗೆ ಯಂತ್ರ ಓಡಿದ ಹಾಗೆ ಟರ್ರ್ ಎಂಬ ಸದ್ದು. "ಸೆಕೆಂಡಿಗೆ ಎಂಟು ಕಣೋ, ಎಂಟು. ನಾನು ಇಪ್ಪತ್ತೆರಡು ವರ್ಷದಲ್ಲಿ 'ಕಣ್ಣು ಮುಚ್ಚಬೇಡಿ' ಅಂತ ಎಷ್ಟು ಸಲ ಹೇಳಿರಬಹುದು? ಇದಕ್ಕೆ ಹೇಳೋದೇ ಬೇಡ. ಎಂಟರಲ್ಲಿ ಒಂದರಲ್ಲಾದ್ರೂ ಕಣ್ಣು ಬಿಟ್ಟಿರ್ತಾರೆ." ದೊಲೊನ್ ಘಾಟಿ ಹತ್ತುವಾಗ ನೂರು ಮಾರು ದೂರದ ಕುರಿಯೊಂದರ ಕಣ್ಣರೆಪ್ಪೆಯನ್ನು ಪರದೆಯ ಮೇಲೆ ನನಗೆ ತೋರಿಸಿದರು. ನಾನು ರಸ್ತೆ ಬಿಟ್ಟು ರೆಪ್ಪೆ ನೋಡಿದ್ದರಿಂದ ಕಾರು ಚರಂಡಿಯ ಅಂಚಿಗೆ ಹೋಗಿ ನಿಂತಿತು. ಭಾವನಿಗೆ ಅದೂ ಗೊತ್ತಾಗಲಿಲ್ಲ, ಕುರಿ ಸ್ಪಷ್ಟವಾಗಿದೆ ಎಂದು ಒಂದೇ ಸಮನೆ ಹೇಳುತ್ತಿದ್ದರು.

ಎಡವಟ್ಟಾದದ್ದು ಮನೆಯ ಮುಂದೆ. ಕಾರಿನಿಂದ ಇಳಿಯುವ ಹೊತ್ತಿಗೆ ಸರಿಯಾಗಿ ಕಲಿಪಾ ಅಜ್ಜಿ ಗೇಟಿನಲ್ಲಿ ನಿಂತಿದ್ದರು. ಹೊಳೆಯುವ ಪೆಟ್ಟಿಗೆ ನೋಡಿದರು, ಭಾವನ ಹೊಳೆಯುವ ಮುಖ ನೋಡಿದರು, "ಹೊಸ ಸಾಮಾನು ಶುಭವಾಗಲಪ್ಪಾ" ಎಂದರು. ಹೊಸದೇನಾದರೂ ಮನೆಗೆ ಬಂದರೆ ನಮ್ಮಲ್ಲಿ ಕಂಡವರು ಹೀಗೆ ಹರಸುವುದು ಪದ್ಧತಿ. ಅದಕ್ಕೆ ಉತ್ತರವೂ ಹುಟ್ಟಿದಾಗಿನಿಂದ ನಾಲಿಗೆಯ ಮೇಲಿರುತ್ತದೆ, ಮನಸ್ಸನ್ನು ಕೇಳಿ ಬರುವುದಿಲ್ಲ.

"ನಿಮ್ಮ ಬಾಯಿ ಹರಕೆ, ಅಜ್ಜಿ," ಎಂದುಬಿಟ್ಟರು ಭಾವ.

ಇದು ನನ್ನದಲ್ಲ, ಅಂಗಡಿಯದು ಎಂದು ಹೇಳಲು ಅವರಿಗೆ ಅಲ್ಲಿ ಒಂದು ನಿಮಿಷ ಸಮಯವಿತ್ತು. ನಾನು ಸಾಕ್ಷಿ. ಆ ನಿಮಿಷವನ್ನು ಅವರು ಪೆಟ್ಟಿಗೆಯ ಮೇಲಿನ ಅಕ್ಷರ ಅಜ್ಜಿಗೆ ಕಾಣುವಂತೆ ತಿರುಗಿಸಿಕೊಳ್ಳಲು ಬಳಸಿದರು.

ಹೊಸ ಸೊಸೆಯಾಗಲಿ, ಹೊಸ ಮಗುವಾಗಲಿ, ಹೊಸ ವಸ್ತುವಾಗಲಿ, ಮೊದಲ ಸಲ ನೋಡುವವರು ನಮ್ಮಲ್ಲಿ ಬರಿಗೈಯಲ್ಲಿ ನೋಡುವಂತಿಲ್ಲ. ಕೊರುಮ್ದುಕ್ ಎಂಬ ನೋಡುಕಾಣಿಕೆ ಕೊಡಬೇಕು. ಹತ್ತು ನಿಮಿಷದಲ್ಲಿ ಕಲಿಪಾ ಅಜ್ಜಿ ಒಂದು ತಟ್ಟೆ ಬೊರ್ಸೊಕ್, ಒಂದು ಬಿಳಿ ಬಟ್ಟೆ, ಉರಿಯುವ ಜೂನಿಪರ್ ಸೊಪ್ಪಿನ ಕಟ್ಟು ಹಿಡಿದು ಒಳಗೆ ಬಂದರು. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನ ತುಂಡುಗಳು ಅಕ್ಕನ ಕೈಗೆ ಹೋದವು. ಬಿಳಿ ಬಟ್ಟೆಯನ್ನು ಕ್ಯಾಮೆರಾದ ಪಟ್ಟಿಗೆ ಕಟ್ಟಿದರು. ಸೊಪ್ಪಿನ ಹೊಗೆಯನ್ನು ದೃಷ್ಟಿ ತಾಗದಿರಲೆಂದು ಲೆನ್ಸಿನ ಸುತ್ತ ಮೂರು ಸಲ ಆಡಿಸಿದರು.

"ಅಜ್ಜಿ, ಹೊಗೆ ಬೇಡ," ಎಂದು ಭಾವ ಕೈ ಅಡ್ಡ ಹಿಡಿದರು.

"ಸುಮ್ಮನಿರೋ. ಇಷ್ಟು ದೊಡ್ಡ ಕಣ್ಣು ಇರೋದಕ್ಕೆ ಬೇಗ ದೃಷ್ಟಿ ಆಗುತ್ತೆ," ಎಂದು ನಾಲ್ಕನೆಯ ಸಲವೂ ಆಡಿಸಿದರು.

ಸಂಜೆಯೊಳಗೆ ಬೀದಿಯ ಹದಿನಾಲ್ಕು ಮನೆಯವರು ಬಂದು ನೋಡಿ ಹೋದರು. ಉಣ್ಣೆಯ ಕಾಲುಚೀಲ, ಏಪ್ರಿಕಾಟ್ ಜಾಮು, ಒಂದು ಚೀಲ ಒಣಮೊಸರಿನ ಉಂಡೆ, ಕಾಲು ಕಟ್ಟಿದ ಒಂದು ಹುಂಜ, ಎಲ್ಲ ಅಡುಗೆಮನೆಯಲ್ಲಿ ಗುಡ್ಡೆ ಬಿದ್ದವು. ಬಂದವರನ್ನೆಲ್ಲ ಭಾವ ಸಾಲಾಗಿ ನಿಲ್ಲಿಸಿ ಟರ್ರ್ ಎನ್ನಿಸಿದರು. ತನ್ನ ಮೂಗು ಅಷ್ಟು ಸ್ಪಷ್ಟವಾಗಿ ಬರಬೇಕಾಗಿರಲಿಲ್ಲ ಎಂದು ಪಕ್ಕದ ಮನೆಯ ಟೀಚರ್ ಮಾತ್ರ ಮುನಿಸಿಕೊಂಡರು.

"ಭಾವ, ಈಗಲಾದ್ರೂ ಹೇಳಿಬಿಡಿ," ಎಂದೆ.

"ಈಗ ಹೇಗೆ ಹೇಳೋದೋ? ಕಾಣಿಕೆ ಇಸ್ಕೊಂಡಾಯ್ತು. ನನ್ನದಲ್ಲ ಅಂದ್ರೆ ಬೇರೆಯವರ ಮಗು ಎತ್ಕೊಂಡು ತೋರಿಸಿ ಕಾಣಿಕೆ ಹೊಡೆದ ಹಾಗಾಗುತ್ತೆ. ಹತ್ತು ದಿನ ತಾನೇ? ಆಮೇಲೆ ಮಾರಿಬಿಟ್ಟೆ ಅಂತೀನಿ."

ಅಂಗಡಿಯವರು ಕೊಟ್ಟ ಅಭಿಪ್ರಾಯ ಪತ್ರವನ್ನು ತೆಗೆದು, ಹವಾಮಾನ ತಾಳಿಕೆ ಎಂಬ ಕಡೆ ಅವರು ಬರೆದರು: "ಹೊಗೆಯನ್ನು ಚೆನ್ನಾಗಿ ತಾಳುತ್ತದೆ. ನಾಲ್ಕು ಸುತ್ತಿನವರೆಗೆ ಪರೀಕ್ಷಿಸಲಾಗಿದೆ."

ಮೂರನೆಯ ದಿನ, ರಜೆಯ ಭಾನುವಾರವೆಂದೂ ನೋಡದೆ, ನಗರಾಡಳಿತದ ಕಚೇರಿಯಿಂದ ಜೊಲ್ಚುಬೆಕ್ ಎಂಬ ಅಧಿಕಾರಿ ಬಂದ. ನಮ್ಮ ಬೀದಿಯ ನಡುವೆ ನಾಲ್ಕು ವರ್ಷಗಳಿಂದ ಒಂದು ಗುಂಡಿ ಇದೆ. ಅದರ ಬಗ್ಗೆ ಕೊಟ್ಟ ಅರ್ಜಿಗಳಿಂದ ಅದನ್ನೇ ಮುಚ್ಚಬಹುದಿತ್ತು. ಪಾಸ್‌ಪೋರ್ಟ್ ಫೋಟೋದವನೊಬ್ಬ ಮೊಳಕೈ ಉದ್ದದ ಲೆನ್ಸ್ ಹಿಡಿದು ಬೀದಿಯಲ್ಲಿ ಓಡಾಡುತ್ತಿದ್ದಾನೆ ಎಂದರೆ ಅವನು ರಾಜಧಾನಿಯ ಯಾವುದೋ ಪತ್ರಿಕೆ ಸೇರಿರಬೇಕು ಎಂದು ಕಚೇರಿಯಲ್ಲಿ ತೀರ್ಮಾನವಾಗಿತ್ತು. ಜೊಲ್ಚುಬೆಕ್ ಕೂಡ ನೋಡುಕಾಣಿಕೆಯಾಗಿ ಒಂದು ಗೋಡೆ ಗಡಿಯಾರ ತಂದಿದ್ದ.

"ತೊಲೊಮುಶ್ ಅಣ್ಣಾ, ಆ ಗುಂಡಿ ಫೋಟೋ ತೆಗೆದ್ರಂತೆ?"

ಭಾವ ನಿಜವನ್ನೇ ಹೇಳಿದರು. "ತೆಗೆದೆ. ಅದರೊಳಗಿನ ನೀರಲ್ಲಿ ಬೆಟ್ಟದ ನೆರಳು ಬೀಳುತ್ತೆ. ಚೆನ್ನಾಗಿ ಬಂತು."

"ಎಲ್ಲಿಗೆ ಕಳಿಸ್ತೀರಿ?"

"ಬಿಷ್ಕೆಕ್‌ಗೆ. ಮುಂದಿನ ಭಾನುವಾರ ಕೊಡಲೇಬೇಕು, ಕಾಯ್ತಿರ್ತಾರೆ."

ಜೊಲ್ಚುಬೆಕ್ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಮಧ್ಯಾಹ್ನದೊಳಗೆ ಜಲ್ಲಿಯ ಲಾರಿ ಬಂತು, ಡಾಂಬರು ಬಂತು, ಆರು ಜನ ಬಂದರು. ಗುಂಡಿ ಮುಚ್ಚಿ, ಅದರ ಮೇಲೆ ಜೊಲ್ಚುಬೆಕ್ ನಿಂತು, "ಈಗ ತೆಗೀರಿ ಅಣ್ಣಾ. ಹಳೇದನ್ನ ಅಳಿಸಿಬಿಡಿ," ಎಂದ. ಇಡೀ ಬೀದಿ ಭಾವನನ್ನು ತಬ್ಬಿಕೊಂಡಿತು. ಕಲಿಪಾ ಅಜ್ಜಿ ಮತ್ತೊಮ್ಮೆ ಹೊಗೆ ಹಾಕಿದರು. ಅಭಿಪ್ರಾಯ ಪತ್ರದಲ್ಲಿ ಪ್ರತಿಕ್ರಿಯೆಯ ವೇಗ ಎಂಬ ಕಡೆ ಭಾವ ಬರೆದದ್ದು ಇದು: "ಅತ್ಯುತ್ತಮ. ನಾಲ್ಕು ವರ್ಷದ ಕೆಲಸ ನಾಲ್ಕು ಗಂಟೆಯಲ್ಲಿ."

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ನಾಲ್ಕನೆಯ ದಿನ ಬೀಗರು ಬಂದರು.

ಅಕ್ಕನ ಒಬ್ಬಳೇ ಮಗಳು ಜಿಪಾರ್‌ಳನ್ನು ಅತ್-ಬಾಶಿ ಕಡೆಯ ಹಳ್ಳಿಗೆ ಮದುವೆ ಮಾಡಿಕೊಟ್ಟು ಒಂದೂವರೆ ವರ್ಷವಾಗಿತ್ತು. ಅವಳ ಮಾವ ಬೈಶೆನ್ ಆಳೆತ್ತರದ ಕುದುರೆಯ ಮೇಲೆ ಕೂತರೆ ಕುದುರೆಯೇ ಚಿಕ್ಕದಾಗಿ ಕಾಣುವಂಥ ಮನುಷ್ಯ. ನಮ್ಮಲ್ಲಿ ಬೀಗರೆಂದರೆ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ. ದೇವರಾದರೂ ಬಂದರೆ ಚಹಾ ತಣ್ಣಗಿದೆ ಎಂದು ನೆಂಟರಲ್ಲಿ ಹೇಳಿಕೊಂಡು ಬರುವುದಿಲ್ಲ. ಅವರು ಬಂದದ್ದು ತಮ್ಮ ತಾಯಿ ಬುರುಲ್ ಅಜ್ಜಿಯ ಎಂಬತ್ತನೆಯ ವರ್ಷದ ಔತಣಕ್ಕೆ ಕರೆಯಲು. ಔತಣ ಶನಿವಾರ, ಅಂದರೆ ಕ್ಯಾಮೆರಾದ ಒಂಬತ್ತನೆಯ ದಿನ.

ಬೀಗರು ಕ್ಯಾಮೆರಾ ನೋಡಿದರು. ಕೈಯಲ್ಲಿ ತೂಗಿ ನೋಡಿದರು. ಕಾಣಿಕೆಯಾಗಿ ತಮ್ಮ ಕೈಯ ಚಾವಟಿಯನ್ನೇ ಕೊಟ್ಟುಬಿಟ್ಟರು. ಆಮೇಲೆ ಗಂಟಲು ಸರಿಮಾಡಿಕೊಂಡರು.

"ಬೀಗರೇ, ನಮ್ಮಮ್ಮನ ಔತಣಕ್ಕೆ ಒಳ್ಳೆ ಫೋಟೋ ಬೇಕಿತ್ತು."

ಭಾವನ ಮುಖ ಅರಳಿತು. "ಅದಕ್ಕೇನು ಬೀಗರೇ, ನಾನೇ ಬಂದು ತೆಗೀತೀನಿ."

ಬೀಗರ ಹುಬ್ಬು ಮೇಲೆ ಹೋಯಿತು. "ನೀವಾ? ಬೀಗರನ್ನ ಮನೆಗೆ ಕರೆದು ಕೆಲಸಕ್ಕೆ ಹಚ್ಚಿದ ಅಂತ ಊರು ನನ್ನ ಮುಖಕ್ಕೆ ಉಗಿಯಲ್ವಾ? ನೀವು ಮೇಲುಗಡೆ ಕೂತು ಕುರಿತಲೆ ತಿನ್ನೋರು. ಫೋಟೋ ನಾನು ಹೊಡ್ಕೋತೀನಿ. ಇದನ್ನ ನನಗೆ ಕೊಡಿ."

ಅಕ್ಕ ಚಹಾ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ಬೀಗರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಎಂದ ಮನೆ ನಮ್ಮ ಕಡೆ ಯಾವುದೂ ಇಲ್ಲ. ಇಲ್ಲ ಎಂದರೆ ಅದರ ಕಹಿ ಉಣ್ಣುವವಳು ಅವರ ಮನೆಯಲ್ಲಿ ದಿನಾ ಚಹಾ ಬಗ್ಗಿಸುವ ಜಿಪಾರ್. ಭಾವ ನನ್ನ ಕಡೆ ನೋಡಿದರು, ನಾನು ಹುಂಜದ ಕಡೆ ನೋಡಿದೆ.

"ತಗೊಳ್ಳಿ ಬೀಗರೇ. ನಿಮ್ಮದೇ," ಎಂದರು ಭಾವ. ಆ ದನಿ ಮಗಳನ್ನು ಕಳಿಸಿಕೊಟ್ಟ ದಿನವೂ ಅಷ್ಟು ಸಣ್ಣಗಿರಲಿಲ್ಲ.

ಬೀಗರು ಗೇಟು ದಾಟಿದ ಮೇಲೆ ಅಕ್ಕ ಶುರುಮಾಡಿದಳು. "ಬಾಯಿ ಇತ್ತಲ್ವಾ ನಿಮಗೆ? ಇದು ಅಂಗಡೀದು ಅನ್ನೋಕೆ ಎಷ್ಟು ಹೊತ್ತು ಬೇಕು?"

"ಅವರು ಚಾವಟಿ ಕೊಟ್ರಲ್ಲೇ."

"ಅದರಲ್ಲೇ ನಿಮಗೆ ನಾಲ್ಕು ಬಾರಿಸಬೇಕು. ಪಾಸ್‌ಪೋರ್ಟ್ ಆ ಡ್ರಾಯರಲ್ಲಿ, ಕ್ಯಾಮೆರಾ ಆ ಬೆಟ್ಟದಾಚೆ, ನೀವು ಜೈಲಲ್ಲಿ. ಜಿಪಾರ್‌ಗೆ ಮಾತ್ರ ಒಳ್ಳೆ ಹೆಸರು."

ಮುಂದಿನ ಮೂರು ದಿನ ಭಾವ ಊಟ ಸರಿಯಾಗಿ ಮಾಡಲಿಲ್ಲ. ಬಜಾರಿನಲ್ಲಿ ಪಾಸ್‌ಪೋರ್ಟಿಗೆಂದು ಕೂತ ಗಿರಾಕಿಗಳನ್ನು ತಮ್ಮ ಹಳೆಯ ಕ್ಯಾಮೆರಾದಲ್ಲಿ ತೆಗೆಯುವಾಗ ಬಾಯಲ್ಲೇ ಟರ್ರ್ ಎನ್ನುತ್ತಿದ್ದರು. ಎಂಟನೆಯ ದಿನ ಬೆಳಿಗ್ಗೆ ಬೀಗರ ಫೋನು ಬಂತು. ಅಷ್ಟು ದೊಡ್ಡ ಮನುಷ್ಯನ ದನಿ ಪಿಸುಗುಟ್ಟುತ್ತಿತ್ತು.

"ಬೀಗರೇ, ಇಲ್ಲಿ ಯಾರಿಗೂ ಹೇಳಿಲ್ಲ. ಇದು ಕಣ್ಣು ಮುಚ್ಚಿಬಿಟ್ಟಿದೆ. ಏನು ಒತ್ತಿದ್ರೂ ಏಳ್ತಿಲ್ಲ. ಊರಿನವರೆಲ್ಲ ಕಾಣಿಕೆ ಕೊಟ್ಟು ನೋಡಿ ಹೋಗಿದ್ದಾರೆ. ನಾಳೆ ಔತಣ. ಮರ್ಯಾದೆ ಪ್ರಶ್ನೆ."

ಬ್ಯಾಟರಿ ಮುಗಿದಿತ್ತು, ಅಷ್ಟೇ. ಚಾರ್ಜರೂ ಇನ್ನೊಂದು ತುಂಬಿದ ಬ್ಯಾಟರಿಯೂ ನಮ್ಮ ಮನೆಯ ಪೆಟ್ಟಿಗೆಯಲ್ಲೇ ಉಳಿದಿದ್ದವು. ಇನ್ನೇನು ಭಾವ ಅದನ್ನು ಹೇಳಬೇಕು, ಅಕ್ಕ ಫೋನಿನ ಮೇಲೆ ಕೈ ಇಟ್ಟಳು. ಮೂರು ದಿನದ ಮೇಲೆ ಅವಳ ಮುಖದಲ್ಲಿ ನಗು ಬಂದಿತ್ತು.

"ದೇವರು ಕೊಟ್ಟ. ನಾಳೆ ಹೋಗಿ ನೋಡಿ, ಒಳಗೆ ಏನೋ ಕೆಟ್ಟಿದೆ, ಬಿಷ್ಕೆಕ್‌ಗೇ ಒಯ್ಯಬೇಕು ಅನ್ನಿ. ಔತಣಕ್ಕೆ ನಿಮ್ಮ ಹಳೇದು ಕೊಟ್ಟುಬಿಡಿ. ಅಲ್ಲಿಂದ ಸೀದಾ ಬಿಷ್ಕೆಕ್. ಆಮೇಲೆ ರಿಪೇರಿ ಆಗಲಿಲ್ಲ ಅಂದ್ರಾಯ್ತು. ಮಗಳ ಮಾನವೂ ಉಳೀತು, ನಿಮ್ಮ ಪಾಸ್‌ಪೋರ್ಟೂ ಉಳೀತು."

ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ವಂಶದಲ್ಲಿ ಯಾರಿಗೂ ಹೊಳೆದಿಲ್ಲ. ಒಂದೇ ಒಂದು ಸಣ್ಣ ತಪ್ಪಾಯಿತು. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ ಎಂದು ಅದನ್ನು ಕೋಟಿನ ಒಳಜೇಬಿನಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳುವುದು ಭಾವನ ಅಭ್ಯಾಸ. ಶನಿವಾರ ಹೊರಡುವಾಗಲೂ ಅವರ ಕೈ ಆ ಬ್ಯಾಟರಿಯನ್ನು ಅಲ್ಲೇ ಇಟ್ಟಿತು.

ಬೀಗರ ಮನೆಯ ಮುಂದೆ ಆರು ಗುಡಾರ ಹಾಕಿ, ಆರು ಕಡೆ ಹಂಡೆ ಏರಿಸಿದ್ದರು. ಬೀಗರು ಭಾವನನ್ನು ಕುದುರೆ ಲಾಯದ ಹಿಂದಕ್ಕೆ ಕರೆದೊಯ್ದು ಕ್ಯಾಮೆರಾ ಕೊಟ್ಟರು. ಭಾವ ಅದನ್ನು ಕಿವಿಗೆ ಹಿಡಿದರು, ಅಲ್ಲಾಡಿಸಿದರು, ವೈದ್ಯರ ಹಾಗೆ ನಿಟ್ಟುಸಿರು ಬಿಟ್ಟರು.

"ಒಳಗಿನ ಕೇಸು ಬೀಗರೇ. ಬಿಷ್ಕೆಕ್‌ಗೇ ಒಯ್ಯಬೇಕು."

"ಒಯ್ಯಿರಿ," ಎಂದರು ಬೀಗರು. ಅವರ ಮುಖ ನೋಡಲಾಗುತ್ತಿರಲಿಲ್ಲ. "ನನ್ನ ಕೈಗುಣವೇ ಸರಿಯಿಲ್ಲ. ಪಾಪ, ನೀವು ಪ್ರೀತಿಯಿಂದ ಕೊಟ್ಟಿದ್ದು."

ಕೆಲಸ ಮುಗಿದಿತ್ತು. ಕ್ಯಾಮೆರಾ ಭಾವನ ಕೊರಳಲ್ಲಿತ್ತು. ಊಟ ಮಾಡಿ ಹೊರಡುವುದೊಂದೇ ಬಾಕಿ. ಆದರೆ ಊಟಕ್ಕೆ ಮುಂಚೆ ಉಲಾಕ್ ಇತ್ತು.

ನಲವತ್ತು ಸವಾರರು, ನಡುವೆ ತಲೆ ತೆಗೆದ ಒಂದು ಆಡು. ಅದನ್ನು ಕಿತ್ತುಕೊಂಡು ಹೋಗಿ ಗುರಿಯಲ್ಲಿ ಎಸೆದವನು ಗೆದ್ದ. ಜಿಪಾರ್‌ಳ ಗಂಡ ಎರ್ಮೆಕ್ ಬೂದು ಕುದುರೆಯ ಮೇಲಿದ್ದ. ನಾವು ಮೈದಾನದ ಅಂಚಿನಲ್ಲಿ ನಿಂತಿದ್ದೆವು. ಮಂಜು ಬಿದ್ದ ನೆಲ ಗೊರಸಿಗೆ ಒಡೆದು ಕೆಸರು ಹಾರುತ್ತಿತ್ತು, ಕುದುರೆಗಳ ಮೈಯಿಂದ ಹಬೆ ಏಳುತ್ತಿತ್ತು, ಬಿಸಿಲು ಆ ಹಬೆಯೊಳಗೆ ಬಿದ್ದಿತ್ತು. ಇದ್ದಕ್ಕಿದ್ದ ಹಾಗೆ ಗುಂಪು ಒಡೆಯಿತು. ಎರ್ಮೆಕ್ ತಡಿಯಿಂದ ಪೂರ್ತಿ ಕೆಳಗೆ ಬಾಗಿ, ಕೂದಲು ನೆಲಕ್ಕೆ ತಾಗುವಂತೆ ಜೋತು ಆಡನ್ನು ಎತ್ತಿದ. ಉಳಿದ ಕುದುರೆಗಳೆಲ್ಲ ಅವನ ಹಿಂದೆ ಬಿದ್ದು ನೇರ ನಮ್ಮ ಕಡೆಗೇ ಬಂದವು.

ನಾನು ಓಡಿದೆ. ಅಕ್ಕ ಓಡಿದಳು. ಭಾವ ಓಡಲಿಲ್ಲ. ಅವರ ಕೈ ಒಳಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ, "ಭಾವ, ಬೇಡ" ಎಂದು ಕೂಗಿದ್ದೂ ನಿಜ. ಬ್ಯಾಟರಿ ಒಳಗೆ ಹೋಯಿತು. ಲೆನ್ಸ್ ಮೇಲೆದ್ದಿತು.

ಟರ್ರ್ರ್ರ್.

ಕುದುರೆಗಳು ಅವರ ಎಡಕ್ಕೆ ಬಲಕ್ಕೆ ಹರಿದು ಹೋದವು. ಟೋಪಿ ಹಾರಿಹೋಯಿತು. ಭಾವ ಕೆಸರಿನಲ್ಲಿ ಮಂಡಿಯೂರಿ ತಿರುಗಿ ತಿರುಗಿ ಒತ್ತುತ್ತಿದ್ದರು, ಏನೇನೋ ಕೂಗುತ್ತಿದ್ದರು, ಅಳುತ್ತಿದ್ದರೋ ನಗುತ್ತಿದ್ದರೋ ಗೊತ್ತಾಗಲಿಲ್ಲ. ಎರ್ಮೆಕ್ ಗುರಿಯಲ್ಲಿ ಆಡು ಎಸೆದ, ಹೆಂಗಸರ ಕಡೆಯಿಂದ ಕೇಕೆ ಎದ್ದಿತು, ಭಾವ ಅತ್ತ ತಿರುಗಿ ಅದನ್ನೂ ಟರ್ರ್ ಎನ್ನಿಸಿದರು. ನುರಿತ ಛಾಯಾಗ್ರಾಹಕ ಎಂದು ಅರ್ಜಿಯಲ್ಲಿ ಬರೆದದ್ದು ಆ ಹೊತ್ತಿಗೆ ನಿಜವೇ ಆಗಿಹೋಗಿತ್ತು. ಅವರು ಎದ್ದು ನಿಂತಾಗ ಎದುರಿಗೆ ಬೀಗರು ನಿಂತಿದ್ದರು.

"ಸತ್ತಿತ್ತಲ್ಲ ಬೀಗರೇ?"

ಭಾವ ಕ್ಯಾಮೆರಾ ನೋಡಿದರು, ಬೀಗರನ್ನು ನೋಡಿದರು. "ಎದ್ದುಬಿಡ್ತು," ಎಂದರು.

"ನಿಮ್ಮ ಕೈಗುಣ ದೊಡ್ಡದು." ಬೀಗರ ಮುಖದಲ್ಲಿ ಜೀವ ಬಂದಿತು. "ಹಾಗಾದ್ರೆ ಬಿಷ್ಕೆಕ್ ಬೇಡ ಬಿಡಿ." ಭಾವನ ಕೊರಳಿಂದ ಅದನ್ನು ನಯವಾಗಿ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡು ಹೋದರು. ಅಕ್ಕ ಗುಡಾರದ ಗೂಟಕ್ಕೆ ಒರಗಿ ಕೂತುಬಿಟ್ಟಳು.

ಊಟಕ್ಕೆ ಭಾವನನ್ನು ಮೇಲುಗಡೆ ಕೂರಿಸಿದರು. ಬೇಯಿಸಿದ ಕುರಿತಲೆಯನ್ನು ತಟ್ಟೆಯಲ್ಲಿಟ್ಟು ಮರ್ಯಾದೆಯಿಂದ ಅವರ ಕೈಗೆ ಕೊಟ್ಟರು. ಗುಡಾರದಲ್ಲಿ ಮೂವತ್ತು ಜನ. ಬುರುಲ್ ಅಜ್ಜಿ ನಡುವೆ, ಅವರ ತೊಡೆಯ ಮೇಲೆ ಕ್ಯಾಮೆರಾ. ಮೊಮ್ಮಗ ಗೆದ್ದದ್ದನ್ನು ನೋಡಲಿ ಎಂದು ಬೀಗರು ತಾಯಿಗೆ ಒತ್ತುವ ಗುಂಡಿ ತೋರಿಸಿಕೊಟ್ಟಿದ್ದರು. ಜಿಪಾರ್ ತಲೆ ತಗ್ಗಿಸಿ, ತಲೆಬಟ್ಟೆ ಹಣೆಯವರೆಗೆ ಎಳೆದುಕೊಂಡು ಚಹಾ ಬಗ್ಗಿಸುತ್ತಿದ್ದಳು. ಅತ್ತೆಮಾವಂದಿರ ಮುಂದೆ ಸೊಸೆಯ ದನಿ ಕೇಳಬಾರದು. ಒಂದೂವರೆ ವರ್ಷದಿಂದ ಆ ಮನೆಯಲ್ಲಿ ಅವಳ ದನಿ ಯಾರೂ ಕೇಳಿರಲಿಲ್ಲ.

"ತೊಲೊಮುಶ್ ಬೀಗರು ಮೊದಲು ನಾಲ್ಕು ಮಾತು ಹರಸಿ ಆಡಲಿ," ಎಂದರು ಬೀಗರು.

ಕೈಯಲ್ಲಿ ಕುರಿತಲೆ ಹಿಡಿದುಕೊಂಡು, ಅದು ಎರಡೂ ಕಣ್ಣುಗಳಿಂದ ನಿಮ್ಮನ್ನೇ ನೋಡುತ್ತಿರುವಾಗ ಸುಳ್ಳು ಹೇಳುವುದು ಸುಲಭವಲ್ಲ. ಭಾವ ಗಂಟಲು ಸರಿಮಾಡಿಕೊಂಡರು. "ಬುರುಲ್ ಅಜ್ಜಿ ನೂರು ವರ್ಷ ಬಾಳಲಿ," ಎಂದರು. ಆಮೇಲೆ, "ಕ್ಯಾಮೆರಾ ನನ್ನದಲ್ಲ," ಎಂದರು.

ಚಮಚೆಗಳು ನಿಂತವು.

"ಅಂಗಡೀದು. ಹತ್ತು ದಿನ ಪರೀಕ್ಷೆ ಮಾಡೋಕೆ ಕೊಟ್ಟಿದ್ರು. ನಾಳೆ ಸಂಜೆ ಐದಕ್ಕೆ ಕೊಡದೇ ಇದ್ರೆ ನನ್ನ ಮೇಲೆ ಪೊಲೀಸು. ಅದು ಕೆಟ್ಟೂ ಇರಲಿಲ್ಲ ಬೀಗರೇ, ಬ್ಯಾಟರಿ ನನ್ನ ಜೇಬಲ್ಲಿತ್ತು."

ಬೀಗರ ಮುಖ ಕೆಂಪಾಗಿ, ಆಮೇಲೆ ಬಿಳುಪಾಯಿತು. "ಅಂಗಡೀದು ಅಂತ ಆವತ್ತೇ ಒಂದು ಮಾತು ಅಂದಿದ್ರೆ ನಾನು ಕೇಳ್ತಿದ್ನಾ?"

"ಕೇಳ್ತಿರಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

ಭಾವ ತಲೆ ತಗ್ಗಿಸಿದರು. "ಇಪ್ಪತ್ತೆರಡು ವರ್ಷದಿಂದ ಬೇರೆಯವರ ಹಣೆ, ಕಿವಿ, ಗದ್ದ ಸರಿ ಮಾಡ್ತಾ ಕೂತಿದ್ದೀನಿ ಬೀಗರೇ. ನಾಲ್ಕು ದಿನ ಇಡೀ ಬೀದಿ ಇದು ನಿನ್ನದು ಅಂತು. ನನಗೂ ನನ್ನದೇ ಅನ್ನಿಸಿಬಿಡ್ತು. ತುಂಬಾ ಖುಷಿಯಾಗಿದ್ದೆ."

ಬೀಗರು ಹೇಳಿದರು: "ನನಗೆ ಕೋಪ ಇಲ್ಲ ಅಂದ್ರೆ ಸುಳ್ಳು. ಆದರೂ ನೀವು ಜೈಲಿಗೆ ಹೋಗೋದು ಬೇಡ. ಸಮಸ್ಯೆ ಬೇರೆ. ಬೀಗರು ಕೊಟ್ಟಿದ್ದನ್ನ ವಾಪಸ್ ಕೊಟ್ಟೋರು ನಮ್ಮ ಏಳು ತಲೆಮಾರಲ್ಲಿ ಇಲ್ಲ. ಈ ಮೂವತ್ತು ಜನರ ಮುಂದೆ ನಾನು ಹೇಗೆ ಕೊಡಲಿ?"

ಮೂವತ್ತು ಜನರೂ ಹೌದೆಂದು ತಲೆಯಾಡಿಸಿದರು. ಇದು ನಿಜಕ್ಕೂ ಕಷ್ಟದ ಪ್ರಶ್ನೆ. ಹಿರಿಯರಿಬ್ಬರು ಗಡ್ಡ ನೀವಿಕೊಂಡು ಯೋಚಿಸಿದರು. ಒಬ್ಬರು ಕ್ಯಾಮೆರಾ ಕಳೆದುಹೋಗಲಿ, ತೊಲೊಮುಶ್ ಬೀಗರಿಗೆ ಸಿಗಲಿ ಎಂದರು. ಇನ್ನೊಬ್ಬರು ಅದನ್ನು ಆಡಿನ ಬದಲು ಉಲಾಕ್‌ಗೆ ಇಡೋಣ, ತೊಲೊಮುಶ್ ಬೀಗರೇ ಗೆದ್ದುಕೊಳ್ಳಲಿ ಎಂದರು. ಕುದುರೆ ಹತ್ತಲು ಬಾರದ ಭಾವ ಮೊದಲಿನದೇ ವಾಸಿ ಎಂದು ನನ್ನ ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ಬುರುಲ್ ಅಜ್ಜಿ, "ಇದ್ಯಾರು ಈ ಹುಡುಗಿ?" ಎಂದರು.

ಅವರು ಇದ್ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ಗುಂಡಿ ಒತ್ತುತ್ತಲೇ ಇದ್ದರು. ಬೀಗರು ಬಾಗಿ ಪರದೆ ನೋಡಿದರು. ನಾನೂ ಕತ್ತು ಚಾಚಿದೆ. ಎರ್ಮೆಕ್ ಆಡು ಎಸೆದ ಗಳಿಗೆಯಲ್ಲಿ ಭಾವ ಹೆಂಗಸರ ಕಡೆ ತಿರುಗಿ ತೆಗೆದ ಚಿತ್ರ ಅದು. ನೀರಿನ ತೊಟ್ಟಿಯ ಅಂಚಿನ ಮೇಲೆ ಹತ್ತಿ ನಿಂತ ಒಬ್ಬಳು, ಎರಡೂ ಕೈ ಆಕಾಶಕ್ಕೆ ಎತ್ತಿ, ತಲೆಬಟ್ಟೆ ಕತ್ತಿಗೆ ಜಾರಿ, ಕೂದಲು ಹಾರಿ, ಬಾಯಿ ತುಂಬ ನಗುತ್ತಿದ್ದಳು. ಕಣ್ಣಲ್ಲಿ ಬಿಸಿಲಿನ ಚುಕ್ಕೆ ಕೂಡ ಕಾಣುತ್ತಿತ್ತು. ಅವಳು ಜಿಪಾರ್.

ಜಿಪಾರ್ ಅಲ್ಲೇ ಕಲ್ಲಾದಳು. ಮಾವನ ಮುಂದೆ ತೊಟ್ಟಿ ಹತ್ತಿ ಕೇಕೆ ಹಾಕಿದ ಸೊಸೆ ಎಂದು ಊರು ಹೆಸರಿಡುವುದು ಇನ್ನು ಒಂದು ಮಾತಿನ ದೂರದಲ್ಲಿತ್ತು. ಅಕ್ಕ ಕಣ್ಣು ಮುಚ್ಚಿಕೊಂಡಳು.

"ನಮ್ಮ ಸೊಸೆ ಅಮ್ಮಾ," ಎಂದರು ಬೀಗರು.

"ನಮ್ಮದಾ? ಒಂದೂವರೆ ವರ್ಷ ಆಯ್ತು, ಇವಳು ನಗೋದು ನಾನು ನೋಡಿಲ್ಲ. ಪಾಪ ಹಲ್ಲಿಲ್ಲ ಅಂದ್ಕೊಂಡಿದ್ದೆ." ಅಜ್ಜಿ ಪರದೆಯನ್ನು ಬೆರಳಿಂದ ಸವರಿದರು, ಕುರಿಕೊಬ್ಬಿನ ಬೆರಳು. "ನನ್ನ ಮೊಮ್ಮಗ ಗೆದ್ದಿದ್ದಕ್ಕೆ ಇಷ್ಟು ಖುಷಿಯಾ ನಿನಗೆ ಮಗಳೇ? ಹಾಗಾದ್ರೆ ಮನೆಯೊಳಗೆ ಯಾಕೆ ಸತ್ತವರ ಮನೇಲಿ ಚಹಾ ಕೊಡೋಳ ಹಾಗೆ ಇರ್ತೀಯ? ನಾವೇನು ಕಚ್ತೀವಾ?"

ಜಿಪಾರ್ ಚಹಾ ಬಟ್ಟಲು ಕೆಳಗಿಟ್ಟಳು. ಆಮೇಲೆ ಮೂವತ್ತು ಜನರ ಮುಂದೆ ಆ ಮನೆಯಲ್ಲಿ ಅವಳ ಮೊದಲ ಮಾತು ಹೊರಬಂತು. "ಇಲ್ಲ ಅಜ್ಜಿ," ಎಂದಳು, ನಕ್ಕಳು.

ಬೀಗರು ಚಿತ್ರವನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಮೂಗು ಒರೆಸಿಕೊಂಡರು. ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು. "ವಾಪಸ್ ಕೊಡೋದು ನಮ್ಮಲ್ಲಿಲ್ಲ. ಬದಲು ಮಾಡ್ಕೊಳ್ಳೋದಿದೆ. ಕುದುರೆ ಬದಲು ಮಾಡಿಲ್ವಾ, ಕುರಿ ಮಾಡಿಲ್ವಾ? ಬೀಗರೇ, ಈ ಒಂದು ಚಿತ್ರ ಗೋಡೆಯಗಲ ಮಾಡಿಸಿ ನನಗೆ ಕೊಡಿ. ಆ ಯಂತ್ರ ನೀವು ತಗೊಳ್ಳಿ. ನಷ್ಟ ನಿಮ್ಮದು, ಆಮೇಲೆ ಕೊರಗಬೇಡಿ."

ಮೂವತ್ತು ಜನರೂ ವ್ಯಾಪಾರ ನ್ಯಾಯವಾಗಿದೆ ಎಂದರು. ಭಾವ ಕುರಿತಲೆಯನ್ನು ನನ್ನ ಕೈಗೆ ತುರುಕಿ ಬೀಗರನ್ನು ತಬ್ಬಿಕೊಂಡು ಅತ್ತುಬಿಟ್ಟರು.

ಭಾನುವಾರ ಬೆಳಿಗ್ಗೆ ಬಿಷ್ಕೆಕ್‌ಗೆ ಹೋಗುವ ದಾರಿಯಲ್ಲಿ ನಮ್ಮ ಬೀದಿಯಲ್ಲಿ ನಿಲ್ಲಿಸಿದೆವು. ಭಾವ ಉಣ್ಣೆ ಕಾಲುಚೀಲ, ಹುಂಜ, ಗಡಿಯಾರ ಎಲ್ಲ ಹೊತ್ತುಕೊಂಡು ಮನೆಮನೆಗೂ ಹೋಗಿ ನಿಜ ಹೇಳಿದರು. ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. "ನೋಡಿದ್ದಕ್ಕೆ ಕೊಟ್ಟಿದ್ದು ಕಣೋ," ಎಂದರು ಕಲಿಪಾ ಅಜ್ಜಿ. "ನೋಡಿದ್ದು ಸುಳ್ಳಾ?"

ಅಂಗಡಿಗೆ ಐದಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆವು. ಕನ್ನಡಕದ ತರುಣ ಗವಸು ಹಾಕಿಕೊಂಡು ಕ್ಯಾಮೆರಾ ತೆಗೆದುಕೊಂಡ. ಮೂಸಿ ನೋಡಿದ. ಪಟ್ಟಿಯಿಂದ ಕುದುರೆಯ ಒಂದು ಕೂದಲು ಎಳೆದ. ಪರದೆಯ ಮೇಲಿನ ಕೊಬ್ಬು ಒರೆಸಿ, ಏನೋ ಹೇಳಲು ಬಾಯಿ ತೆರೆದವನು ಬೆರಳು ತಾಗಿ ಮೂಡಿದ ಜಿಪಾರ್‌ಳ ಚಿತ್ರವನ್ನು ಕಂಡು ಅದನ್ನೇ ದೊಡ್ಡದು ಮಾಡಿ ನೋಡಿದ. ಆಮೇಲೆ ಅದನ್ನು ಗೋಡೆಯಗಲ ಅಚ್ಚು ಹಾಕಿಸಲು ಚೀಟಿ ಬರೆದು, ಪಾಸ್‌ಪೋರ್ಟ್ ತಂದು ಕೊಟ್ಟ.

"ಅಭಿಪ್ರಾಯ ಪತ್ರದಲ್ಲಿ ಒಂದು ಕಡೆ ಖಾಲಿ ಬಿಟ್ಟಿದ್ದೀರಿ ಸರ್. ಚಿತ್ರದ ಗುಣಮಟ್ಟ," ಎಂದ.

ಖಾಲಿ ಗೆರೆ ಕಂಡ ಭಾವ ಪೆನ್ನು ಕೇಳಿದರು. ಈ ಸಲ ಏನು ಬರೆಯುತ್ತಾರೋ ಎಂದು ನಾನು ಹೆದರಿ ಭುಜದ ಮೇಲಿಂದ ಬಗ್ಗಿ ನೋಡಿದೆ. ಅವರು ಒಂದಕ್ಷರವೂ ಸುಳ್ಳು ಬರೆಯಲಿಲ್ಲ: "ಇದರಲ್ಲಿ ತೆಗೆದ ಒಂದು ಚಿತ್ರ ಕೊಟ್ಟು ಈ ಕ್ಯಾಮೆರಾವನ್ನೇ ಕೊಂಡುಕೊಂಡೆ."